ಹಂಸದಂಚಿನ ಸೀರೆ ಉಟ್ಟವಳು

ನಮ್ಮ ಮನೆಯಲ್ಲಿ ಮುಖಗಳು ಯಾರಿಗೂ ನೆನಪಿರುತ್ತಿರಲಿಲ್ಲ, ಸೀರೆಗಳು ಮಾತ್ರ ಎಲ್ಲರಿಗೂ ನೆನಪಿರುತ್ತಿದ್ದವು. ತಮಾಷೆಗೆ ಹೇಳುತ್ತಿಲ್ಲ, ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹುಟ್ಟಿ ಬೆಳೆದ ಯಾರನ್ನಾದರೂ ಕೇಳಿ ನೋಡಿ. ಯಾವುದೋ ಮದುವೆಗೆ ಹೋಗಿಬಂದ ನಮ್ಮ ಪುಟ್ಟತಾಯಿ ಅತ್ತೆಯನ್ನು "ಹೆಣ್ಣು ಹೇಗಿದ್ದಾಳೆ" ಎಂದು ಅವ್ವ ಕೇಳಿದರೆ, ಅತ್ತೆ ಕಾಲು ಚಾಚಿ ಕುಳಿತು ಹೆಣ್ಣು ಉಟ್ಟಿದ್ದ ಸೀರೆಯ ಅಂಚು ಎಷ್ಟು ಬೆರಳು ಅಗಲ, ಸೆರಗಿನ ಜರಿ ಅಸಲಿಯೋ ನಕಲಿಯೋ, ಒಡಲಿನ ಬಣ್ಣಕ್ಕೆ ಅಂಚಿನ ಬಣ್ಣ ಹೊಂದುತ್ತಿತ್ತೋ ಇಲ್ಲವೋ, ನೇಯ್ದವನು ಎಲ್ಲೆಲ್ಲಿ ಎಳೆ ತಪ್ಪಿಸಿದ್ದಾನೆ, ಎಲ್ಲವನ್ನೂ ಹೇಳುತ್ತಿದ್ದಳು. ಅದು ಮುಗಿದ ಮೇಲೆ "ಹೆಣ್ಣು ಕೆಂಪಗಿದ್ದಾಳಾ, ಕಪ್ಪಗಾ?" ಎಂದರೆ ಸುಮ್ಮನೆ ಕಣ್ಣು ಪಿಳುಕಿಸುತ್ತಿದ್ದಳು. ಇಂಥ ಮನೆಯಲ್ಲಿ ಹುಟ್ಟಿದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆಯೇ. ಆದರೆ ಇದೇ ಹೆಮ್ಮೆಯಿಂದ ನಾವೊಂದು ದೊಡ್ಡ ತಪ್ಪು ಮಾಡಿದೆವು, ಆ ತಪ್ಪಿನಲ್ಲಿ ಒಂಬತ್ತು ವರ್ಷದ ನನ್ನ ಪಾಲೂ ಇತ್ತು. ಅದನ್ನು ಹೇಳುವುದಕ್ಕೆ ಮೊದಲು ಆ ಮನೆಯನ್ನು ಹೇಳಬೇಕು.

ಉದ್ದನೆಯ, ಬೆಳಕು ಕಡಿಮೆಯ ಮನೆ. ಬೀದಿಗೆ ಒಂದು ಜಗಲಿ, ಹೊಸ್ತಿಲು ದಾಟಿದರೆ ಮಗ್ಗದ ಕೋಣೆ. ಮನೆಯ ಮುಕ್ಕಾಲು ಪಾಲು ಅದೇ. ನೆಲದಲ್ಲಿ ತೋಡಿದ ಎರಡು ಗುಂಡಿ, ಒಂದೊಂದು ಗುಂಡಿಗೂ ಒಂದೊಂದು ಮಗ್ಗ. ನೇಯುವವರು ನೆಲದ ಮಟ್ಟಕ್ಕೆ ಕುಳಿತು ಕಾಲನ್ನು ಗುಂಡಿಯೊಳಕ್ಕೆ ಇಳಿಬಿಟ್ಟು ತುಳಿಯುತ್ತಿದ್ದರು. ಬಾಗಿಲ ಬಳಿಯ ಮಗ್ಗ ಒಂದು ಕಾಲಕ್ಕೆ ತಾತನದು. ಮೂಲೆಯ ಮಗ್ಗದಲ್ಲಿ ಅಪ್ಪ ನೇಯುತ್ತಿದ್ದ, ಅದರ ಗುಂಡಿ ಆಳ ಸಾಲದೆಂದು ದಿನಾ ಗೊಣಗುತ್ತಿದ್ದ. ಉಳಿದ ಕಾಲು ಪಾಲು ಮನೆಯಲ್ಲಿ ಅಡುಗೆಕೋಣೆ, ನೀರೊಲೆ, ದೇವರ ಗೂಡು ಮತ್ತು ನಾವು ಆರು ಜನ. ಮಲಗುವುದಕ್ಕೆಂದು ಬೇರೆ ಕೋಣೆ ಇರಲಿಲ್ಲ. ನಾನೂ ನನ್ನ ತಮ್ಮ ಮಾದೇಶನೂ ಮಗ್ಗಕ್ಕೆ ಬಿಗಿದಿದ್ದ ಉದ್ದನೆಯ ಹಾಸಿನ ಕೆಳಗೇ ಚಾಪೆ ಹಾಕಿಕೊಳ್ಳುತ್ತಿದ್ದೆವು. ಬೆಳಿಗ್ಗೆ ಕಣ್ಣು ಬಿಟ್ಟರೆ ಮೂಗಿನ ಮೇಲೆ ಗಿಳಿಹಸಿರು ರೇಷ್ಮೆಯ ಸಾವಿರಾರು ಎಳೆ. ಥಟ್ಟನೆ ತಲೆ ಎತ್ತುವಂತಿಲ್ಲ, ಮಗ್ಗುಲಿಗೆ ಉರುಳಿಕೊಂಡು ಆಚೆ ಬರಬೇಕು. ಈಗಲೂ ನಾನು ಮಂಚದಿಂದ ಹಾಗೆಯೇ ಏಳುವುದು. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಇದನ್ನು ನೋಡಿ, ಇವಳಿಗೆ ಸೊಂಟದಲ್ಲಿ ಏನೋ ಐಬಿದೆ ಎಂದು ಹೆದರಿಬಿಟ್ಟಿದ್ದರು.

ಆ ಮನೆಗೆ ರೇಷ್ಮೆಯೇ ಯಜಮಾನ. ಅರಿಶಿನದ ಕೈ, ಎಣ್ಣೆಯ ಕೈ, ಉಂಡ ಕೈ ಮಗ್ಗದ ಹತ್ತಿರ ಸುಳಿಯುವಂತಿರಲಿಲ್ಲ. ಊಟಕ್ಕೆ ಕುಳಿತರೆ ಮಗ್ಗಕ್ಕೆ ಬೆನ್ನು ಕೊಟ್ಟು ಕೂರಬೇಕು, ಒಗ್ಗರಣೆಯ ಹೊಗೆ ಎಳೆಗಳಿಗೆ ಹತ್ತಬಾರದು. ಆದ್ದರಿಂದ ನಮ್ಮದು ಹೆಚ್ಚುಕಡಿಮೆ ದಿನಾ ಮುದ್ದೆ, ಉಪ್ಸಾರು. ಕಾಳು ಸೊಪ್ಪು ಬೇಯಿಸಿ ಬಸಿದ ನೀರು, ಪಕ್ಕದಲ್ಲಿ ಕಲ್ಲಿನಲ್ಲಿ ಅರೆದ ಖಾರ. ಅರಿಶಿನವಿಲ್ಲ, ಎಣ್ಣೆಯಿಲ್ಲ, ಚೆಲ್ಲಿದರೂ ಕಲೆ ನಿಲ್ಲುವುದಿಲ್ಲ. ಬೇರೆಯವರು ಗತಿಯಿಲ್ಲದೆ ಉಪ್ಸಾರು ಉಂಡರೆ ನಾವು ರೇಷ್ಮೆಯ ಮರ್ಯಾದೆಗೆ ಉಣ್ಣುತ್ತೇವೆ ಎಂದು ಅತ್ತೆ ಬೀಗುತ್ತಿದ್ದಳು. ನಮಗೂ ಗತಿ ಅಷ್ಟರಲ್ಲೇ ಇತ್ತು ಎನ್ನುವುದು ಬೇರೆ ಮಾತು. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ, ಅವತ್ತು ಒಗ್ಗರಣೆ ಹಾಕಿದ ಹುಳಿ. ಕ್ಯಾಲೆಂಡರಿನಲ್ಲಿ ಉಳಿದ ಮಕ್ಕಳು ಭಾನುವಾರ ಹುಡುಕಿದರೆ ನಾನು ಮಾದೇಶ ಅಮಾವಾಸ್ಯೆ ಹುಡುಕುತ್ತಿದ್ದೆವು.

ಪುಟ್ಟತಾಯಿ ಅತ್ತೆ ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಬಂದ ದಿನದಿಂದಲೇ ಮನೆಯ ದೊರೆಸಾನಿ. ಒಂದು ಹಾಸು ನೇಯ್ದು ಮುಗಿದಾಗ ಹೊಸ ಹಾಸಿನ ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ಆ ಕೆಲಸ ಅವಳದು. ಬೆರಳಿಗೆ ಬೂದಿ ಹಚ್ಚಿಕೊಂಡು ಕುಳಿತಳೆಂದರೆ ಮನೆಯಲ್ಲಿ ಯಾರೂ ಕೆಮ್ಮಬಾರದು. ಒಮ್ಮೆ ಅಪ್ಪ ರೇಡಿಯೊ ಹಾಕಿದ್ದಕ್ಕೆ ಎದ್ದುಹೋಗಿ ಅದನ್ನು ತಂದು ನೀರೊಲೆಯ ಪಕ್ಕ ಇಟ್ಟು, "ಇನ್ನೊಂದ್ ಕಿತ ಕೂಗ್ಲಿ, ಒಲೆಗ್ ಆಕ್ತೀನಿ" ಎಂದಳು. ಅಪ್ಪ ಒಂದು ವಾರ ಅವಳೊಂದಿಗೆ ಮಾತು ಬಿಟ್ಟ. ಮಾತು ಬಿಟ್ಟರೂ ಊಟಕ್ಕೆ ಅವಳೇ ಬಡಿಸಬೇಕಿತ್ತು. ಇಬ್ಬರೂ ತಾಯಿಯಿಲ್ಲದೆ ಬೆಳೆದವರು. ಅವರ ತಾಯಿ ನಂಜಮ್ಮ ತೀರಿಕೊಂಡಾಗ ಅತ್ತೆಗೆ ನಾಲ್ಕು ವರ್ಷ, ಅಪ್ಪ ಇನ್ನೂ ತೊಟ್ಟಿಲಲ್ಲಿದ್ದ. ಇಬ್ಬರಿಗೂ ತಾಯಿಯ ಮುಖ ಗೊತ್ತಿರಲಿಲ್ಲ. ಅತ್ತೆಗೆ ಒಂದು ನೆನಪಿತ್ತು, ಯಾರದೋ ಸೆರಗಿನ ಒಳಗೆ ತಲೆ ಹಾಕಿ ನಿಂತದ್ದು. ಅದು ನೂಲಿನ ಸೀರೆ, ಕಂದು ಬಣ್ಣ ಎನ್ನುತ್ತಿದ್ದಳು. ಮುಖ ಕೇಳಿದರೆ ಅವಳ ಬಳಿ ಏನೂ ಇರಲಿಲ್ಲ.

ಮುಖ ಹೇಳಬಹುದಾಗಿದ್ದವನು ತಾತ ಒಬ್ಬನೇ. ಅವನಿಗೆ ಆಗಲೇ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೆ ಬೆರಳು ಸತ್ತಿರಲಿಲ್ಲ. ಬೀದಿಯವರು ಹೊಸ ಸೀರೆ ತಂದು ಅವನ ತೊಡೆಯ ಮೇಲೆ ಹಾಸುತ್ತಿದ್ದರು. ತಾತ ಮೂರು ಬೆರಳಿನಲ್ಲಿ ಸವರಿ, ಯಾರ ಮನೆಯ ಮಗ್ಗದ್ದು, ನೇಯ್ದವನಿಗೆ ಎಡಗೈ ಸೋತಿದೆಯೋ ಬಲಗೈಯೋ ಎಂದು ಹೇಳಿಬಿಡುತ್ತಿದ್ದ. ತಪ್ಪಿದ್ದನ್ನು ನಾನು ಕಾಣೆ. ಶಾಲೆಯಲ್ಲಿ ನಾನು ಇದನ್ನು ಹೇಳಿದರೆ ಮೇಷ್ಟರು ನಂಬಲಿಲ್ಲ. ಮನೆಗೇ ಕರೆತಂದು ತೋರಿಸಿದೆ. ಮೇಷ್ಟರು ಹೆಂಡತಿಯ ಸೀರೆ ತಂದಿದ್ದರು, ತಾತ ಮುಟ್ಟಿದವನೇ ಇದು ನಮ್ಮ ಊರಿನ ಮಾಲೇ ಅಲ್ಲ ಎಂದು ಮುಖ ತಿರುಗಿಸಿದ.

ಮಾರ್ಲಾಮಿ ಹಬ್ಬಕ್ಕೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಆ ವರ್ಷ ಹಬ್ಬಕ್ಕೆ ಸುಣ್ಣ ಬಳಿಯಲೆಂದು ಅಟ್ಟದ ಟ್ರಂಕು ಇಳಿಸಿದಾಗ ಹಳೆಯ ಬಟ್ಟೆಗಳ ತಳದಲ್ಲಿ ಒಂದು ಫೋಟೊ ಸಿಕ್ಕಿತು. ಕುರ್ಚಿಯ ಮೇಲೆ ಕುಳಿತ ಎಳೆ ಪ್ರಾಯದ ಒಬ್ಬ ಹೆಂಗಸು. ಹಿಂದೆ ಹೆಸರಿಲ್ಲ, ಏನೂ ಬರೆದಿಲ್ಲ. ಎಲ್ಲರೂ ಸುತ್ತ ನಿಂತರು. ಯಾರು ಎಂದು ಯಾರಿಗೂ ತಿಳಿಯದು. ತಾತ ಜಗಲಿಯಿಂದಲೇ ನನ್ನನ್ನು ಕೂಗಿದ.

"ಕೂಸೆ, ಇತ್ತಗ್ ಬಾ. ಮೊಕ ಗಿಕ ಬ್ಯಾಡ ನಂಗೆ. ಸೀರೆ ಅಂಚು ಯಾವ್ದು ಯೋಳು."

"ಅಕ್ಕಿಗೊಳು ಸಾಲಾಗ್ ನಿಂತವೆ ತಾತ. ಒಂದರ್ ಇಂದೆ ಒಂದು. ಕತ್ ಬಗ್ಗಿಸ್ಕಂಡವೆ."

"ಅಂಸದಂಚು! ಸೆರಗ್ನಾಗೆ?"

"ಮೂರ್ ಪಟ್ಟೆ. ಮದ್ಯದ್ದು ದಪ್ಪ."

ತಾತ ಮೂರು ಬೆರಳಿನಲ್ಲಿ ತನ್ನ ತೊಡೆಯನ್ನೇ ಸವರಿಕೊಂಡ. ಆಮೇಲೆ ಅಪ್ಪನನ್ನು ಕರೆದು ಹೇಳಿದ.

"ಅಂಗಾರೆ ನಂಜೀನೇ ಕಣ್ಲಾ. ಆ ಅಂಚು ನಮ್ ಮನೆ ಬುಟ್ರೆ ಈ ಬೀದೀಲಿ ಯಾವ್ ಮಗ್ಗದಾಗೂ ಇರ್ನಿಲ್ಲ. ಆ ಸೀರೆ ಉಟ್ಕಂಡು ಅವ್ಳು ಪಟ ತೆಗುಸ್ಕಂಡಿದ್ದು ನಂಗೆ ಚೆನ್ನಾಗ್ ಗ್ಯಾನದೆ. ನಿಮ್ಮವ್ವ ಕಣ್ಲಾ ಅವ್ಳು."

ಅತ್ತೆ ಫೋಟೊವನ್ನು ನನ್ನ ಕೈಯಿಂದ ಕಿತ್ತುಕೊಂಡು ಅಡುಗೆಕೋಣೆಗೆ ಹೋದಳು. ಮೂವತ್ತು ದಾಟಿದ, ರೇಡಿಯೊವನ್ನೇ ಹೆದರಿಸಿದ ಹೆಂಗಸು ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಅತ್ತದ್ದನ್ನು ನಾನು ಬಾಗಿಲ ಸಂದಿಯಲ್ಲಿ ನೋಡಿದೆ. ಆಮೇಲೆ ನನ್ನನ್ನು ಹತ್ತಿರ ಕರೆದು, "ಅಮ್ಮಿ, ದಿಟ ಯೋಳು, ನನ್ ಮೂಗು ಇವ್ಳಂಗೇ ಅಲ್ವಾ?" ಎಂದಳು. ನಾನು ಎರಡೂ ಮೂಗನ್ನು ನೋಡಿ ಹೌದೆಂದೆ. ಹೌದೆನ್ನಬೇಕೆಂದು ಮನಸ್ಸಿದ್ದರೆ ಯಾರ ಮೂಗು ಯಾರಿಗೂ ಹೋಲುತ್ತದೆ.

ಫೋಟೊಗೆ ಕಟ್ಟು ಹಾಕಿಸಿ ಮಗ್ಗದ ಕೋಣೆಯ ಗೋಡೆಗೆ ತೂಗುಹಾಕಿದರು. ಅಲ್ಲಿಂದ ಪ್ರತಿ ಮಾರ್ಲಾಮಿಗೂ ಅವಳ ಮುಂದೆ ಎಡೆ. ಉಳಿದವರ ಮನೆಯಲ್ಲಿ ಹಿರಿಯರಿಗೆ ಕಜ್ಜಾಯ, ಪಾಯಸ ಇಟ್ಟರೆ ಅತ್ತೆ ಅವುಗಳ ಜೊತೆ ಒಂದು ಬಟ್ಟಲು ಉಪ್ಸಾರನ್ನೂ ಇಡುತ್ತಿದ್ದಳು, ಮಗ್ಗದ ಮನೆಯ ಸೊಸೆ ಬೇರೆ ಏನು ಉಂಡಾಳು ಎಂದು. ಮನೆಗೆ ಬಂದವರಿಗೆಲ್ಲ ಕಥೆಯೂ ನಡೆಯುತ್ತಿತ್ತು: "ನಮ್ ರತ್ನಿ ಅಂಚು ಯೋಳಿದ್ಲು, ನಮ್ಮಪ್ಪ ಆಳು ಯೋಳ್ತು." ಆ ಮಾತು ಕೇಳಿದಾಗಲೆಲ್ಲ ನಾನು ಒಂದಂಗುಲ ಬೆಳೆಯುತ್ತಿದ್ದೆ. ಕಳೆದುಹೋದ ಅಜ್ಜಿಯನ್ನು ಹುಡುಕಿಕೊಟ್ಟವಳು ನಾನು! ನೋಡಬೇಕು, ನೋಡಿದ್ದನ್ನು ಇದ್ದಂತೆ ಹೇಳಬೇಕು, ಉಳಿದದ್ದು ತಾನಾಗಿ ಆಗುತ್ತದೆ ಎಂಬ ನಂಬಿಕೆ ನನಗೆ ಅಂಟಿದ್ದು ಆ ಹಬ್ಬದಲ್ಲಿ. ಮುಂದೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೆಲಸ ಸಿಕ್ಕಾಗ, ಧೂಳಿನ ಕೆಲಸ ಎಂದು ಉಳಿದವರು ಮೂಗು ಮುರಿದರೆ ನಾನು ಹಬ್ಬಕ್ಕೆ ಹೋದಂತೆ ಹೋದೆ. ಮಾರ್ಟಳ್ಳಿಯಿಂದ, ಪಾಲಾರಿನಿಂದ ಬಸ್ಸು ಹತ್ತಿ ಬರುತ್ತಿದ್ದವರು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ತಮ್ಮ ಮುತ್ತಾತನ ಹೆಸರು ಹೇಳಿದರೆ ಸಾಕು, ಸಂಜೆಯೊಳಗೆ ಅವರ ಕೈಗೆ ಕಾಗದ ಕೊಡುತ್ತಿದ್ದೆ. ಇಡೀ ತಾಲ್ಲೂಕಿನ ವಂಶವೃಕ್ಷ ನನ್ನ ತಲೆಯಲ್ಲಿದೆ ಎಂದು ಮೇಲಿನವರೂ ಹೇಳುತ್ತಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ತಾತ ಹೋದ, ಅವ್ವ ಹೋದಳು, ಅಪ್ಪನೂ ಹೋದ. ಅದೇ ಮನೆಯಲ್ಲಿ ಈಗ ಮಾದೇಶ ಮತ್ತು ಅವನ ಸಂಸಾರ. ಮೂಲೆಯ ಮಗ್ಗವನ್ನು ಅವನು ಇನ್ನೂ ಬಿಟ್ಟಿಲ್ಲ, ಎಂಬತ್ತು ದಾಟಿದ ಅತ್ತೆ ಇವತ್ತಿಗೂ ಬೂದಿ ಹಚ್ಚಿಕೊಂಡು ಎಳೆ ಹೊಸೆಯಲು ಕೂರುತ್ತಾಳೆ. ನಾನಿರುವುದು ಎರಡು ಬೀದಿ ಆಚೆ. ಹೋದ ವರ್ಷ ಹಬ್ಬಕ್ಕೆ ಮುಂಚೆ ಫೋಟೊದ ಕಟ್ಟಿಗೆ ಗೆದ್ದಲು ಹತ್ತಿತ್ತು. ಬಿಚ್ಚಿ ನೋಡಿದರೆ ರಟ್ಟಿನ ಮೂಲೆಯಲ್ಲಿ, ಅವತ್ತು ಯಾರ ಕಣ್ಣಿಗೂ ಬೀಳದಿದ್ದ, ಯಳಂದೂರಿನ ಒಬ್ಬ ಫೋಟೊಗ್ರಾಫರನ ಮೊಹರು. ಅವರ ಮನೆಯವರು ಯಾರಾದರೂ ಇದ್ದರೆ ಅದನ್ನು ದೊಡ್ಡದು ಮಾಡಿಸಿ ಅತ್ತೆಗೆ ಕೊಡೋಣ ಎಂದು ಹೊರಟೆ. ಕುಂತೂರಿನ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿ ತೆವಳಿ ಯಳಂದೂರು ಸೇರುವಾಗ ಮಧ್ಯಾಹ್ನ. ಆ ಫೋಟೊಗ್ರಾಫರನ ಮೊಮ್ಮಗ ಈಗ ಅಲ್ಲೇ ಸ್ಟುಡಿಯೊ ಇಟ್ಟಿದ್ದಾನೆ, ಮದುವೆ ಆಲ್ಬಮ್ಮು, ಪಾಸ್‌ಪೋರ್ಟ್ ಸೈಜು ಎಲ್ಲ ಮಾಡಿಕೊಡುತ್ತಾನೆ. ಮೊಹರು ನೋಡಿದವನೇ ಕುರ್ಚಿ ಹಾಕಿದ.

"ನಮ್ ತಾತಂದು ಗಾಜಿನ್ ಪ್ಲೇಟ್ಗೊಳು ಅಟ್ಟದ್ ಮ್ಯಾಲೆ ಅಂಗೇ ಅವೆ ಮೇಡಂ. ಬಿಸಾಕಕ್ಕೆ ನಮ್ಮಪ್ಪ ಬುಡ್ನಿಲ್ಲ. ಊರೂರಿಗೂ ಒಂದೊಂದ್ ಗಂಟು ಕಟ್ಟವ್ರೆ. ಕುಂತಿರಿ, ಕೊಳ್ಳೇಗಾಲದ್ದು ನೋಡ್ತೀನಿ."

ಒಂದು ಗಂಟೆಯ ಮೇಲೆ ಕೆಮ್ಮುತ್ತಾ ಇಳಿದುಬಂದ. ಒಂದು ಕಾಗದದ ಲಕೋಟೆ. ಮೇಲೆ ಶಾಯಿಯಲ್ಲಿ 'ಕೊಳ್ಳೇಗಾಲ, ಮಗ್ಗದ ಮನೆ, ಮೂರು' ಎಂದಷ್ಟೇ ಬರೆದಿತ್ತು. ಮೂರು ಯಾಕೆ ಎಂದುಕೊಂಡೆ. ಅವನು ಗಾಜುಗಳನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದು, ಕಪ್ಪು ಬಿಳುಪನ್ನು ಅದಲುಬದಲು ಮಾಡಿ ಒಂದೊಂದಾಗಿ ತೋರಿಸಿದ. ಮೊದಲನೆಯದು ನಮ್ಮ ಗೋಡೆಯ ಮೇಲಿದ್ದವಳು. ಎರಡನೆಯದರಲ್ಲಿ ಬೇರೆ ಹೆಂಗಸು. ಮೂರನೆಯದರಲ್ಲಿ ಇನ್ನೊಬ್ಬಳು. ಅದೇ ಕುರ್ಚಿ, ಅದೇ ಗೋಡೆ, ಅದೇ ಹಂಸದಂಚು, ಮೂರು ಪಟ್ಟೆಯ ಅದೇ ಸೆರಗು. ತಾತ ಅಂಚು ಕೇಳಿದ, ನಾನು ಅಂಚು ಹೇಳಿದೆ, ಆ ಅಂಚನ್ನು ಅವತ್ತು ಮೂವರು ಉಟ್ಟಿದ್ದರು.

ಮೂರನ್ನೂ ಪ್ರಿಂಟು ಹಾಕಿಸಿಕೊಂಡು ಬಂದು ಎರಡು ದಿನ ಬೀರುವಿನಲ್ಲಿ ಬಚ್ಚಿಟ್ಟೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅತ್ತೆ ಇರುವಷ್ಟು ದಿನ ಇದೇ ನಂಬಿಕೆಯಲ್ಲಿ ಇರಲಿ ಎನ್ನಿಸಿತು. ಆದರೆ ಕಡತ ಬಚ್ಚಿಡುವವರನ್ನು ಜೀವನಪೂರ್ತಿ ಬೈದವಳು ನಾನು. ಮೂರನೆಯ ದಿನ ಹೋಗಿ ಅತ್ತೆಯ ಮುಂದೆ ಮೂರನ್ನೂ ಹಾಸಿದೆ. ಅವಳು ಎಷ್ಟೋ ಹೊತ್ತು ಸೀರೆಯನ್ನೇ ನೋಡಿದಳು, ಆಮೇಲೆ ಮುಖಗಳನ್ನು.

"ಇವ್ರಲ್ಲಿ ನಮ್ಮವ್ವ ಯಾರಮ್ಮಿ?"

"ಗೊತ್ತಿಲ್ಲ ಅತ್ತೆ."

ಅವಳು ನನ್ನನ್ನು ಬೈಯಲಿಲ್ಲ. ತನ್ನನ್ನೇ ಬೈದುಕೊಂಡಳು.

"ರೇಸ್ಮೆ ನೇಯೋರ್ ಮನೇಲಿ ರೇಸ್ಮೆ ಸೀರೆ ಎಲ್ಲಿತ್ತಮ್ಮಿ? ಮಗ್ಗದಿಂದ ಇಳಿದ್ ಸೀರೆ ಸಾವ್ಕಾರ್ ಮನೆ ಸೇರೋಗಂಟ ಮಾತ್ರ ನಮ್ದು. ನಾನ್ ಧಾರೆಗ್ ಉಟ್ಟಿದ್ದ ಸೀರೇನೂ ಮಾರ್ನೇ ದಿನ ಮಡಿಸಿ ಕೊಟ್ಟಿದ್ದೇಯ. ಪಟ ತೆಗೆಯೋನು ಬಂದವ್ನೆ ಅಂತ ನಮ್ಮಜ್ಜಿ ಇದ್ದ ಒಂದ್ ಸೀರೇನೆ ಮನೆ ಎಣ್ಮಕ್ಳಿಗೆಲ್ಲ ಸರದಿ ಮ್ಯಾಲೆ ಉಡ್ಸವ್ಳೆ. ಇದ್ ನಂಗೆ ಒಳೀಬ್ಯಾಡ್ವಾ? ಸೀರೆ ನೋಡಿ ಆಳ್ ಗುರ್ತ್ ಇಡುದ್ವಲ್ಲ, ನಮ್ ಬುದ್ದಿಗಿಷ್ಟು!"

ಸ್ವಲ್ಪ ಹೊತ್ತಾದ ಮೇಲೆ ನನ್ನ ಮೊಣಕೈ ಹಿಡಿದಳು. ಬೂದಿ ತಿಂದು ಒರಟಾದ ಬೆರಳು.

"ಊರೋರ್ ಅಪ್ಪ ಅವ್ವನ್ನೆಲ್ಲ ಕಡತದಾಗ್ ಉಡ್ಕಿ ಕೊಟ್ಟಿದ್ದೀಯೆ. ನಂಗೆ ಕಣ್ ಕಾಣೋಗಂಟ ನಮ್ಮವ್ವನ ಮೊಕ ತೋರ್ಸು ರತ್ನಿ. ಇನ್ನೇನೂ ಬ್ಯಾಡ."

ಆ ಕಾಲಕ್ಕೆ ಮನೆಯಲ್ಲಿದ್ದ ಎಳೆ ಹೆಂಗಸರು ಮೂವರೇ: ನಂಜಮ್ಮ, ತಾತನ ಅಣ್ಣನ ಹೆಂಡತಿ, ತಾತನ ತಂಗಿ. ಅತ್ತೆಗೆ ಬುದ್ಧಿ ತಿಳಿಯುವ ಮೊದಲೇ ಅಣ್ಣನ ಸಂಸಾರ ಭಾಗವಾಗಿ ಪಾಲಾರ್ ದಾಟಿ ತಮಿಳುನಾಡಿನ ಕಡೆ ಮಗ್ಗ ಹುಡುಕಿಕೊಂಡು ಹೋಗಿ ಮತ್ತೆ ಬರಲಿಲ್ಲ. ತಂಗಿಯನ್ನು ಹನೂರಿಗೆ ಕೊಟ್ಟಿದ್ದರು, ಅವಳು ಬಾಣಂತನದಲ್ಲೇ ತೀರಿಕೊಂಡಳು. ಮುಖ ಕಂಡವರು ಭೂಮಿಯ ಮೇಲೆ ಒಬ್ಬರೂ ಉಳಿದಿರಲಿಲ್ಲ. ಹನೂರಿಗೆ ಹೋದೆ, ಆ ಮನೆಯ ಜಾಗದಲ್ಲಿ ಯಾರದೋ ಹಾರ್ಡ್‌ವೇರ್ ಅಂಗಡಿ. ಪುರಸಭೆಯ ಹಳೆಯ ಜನನ ರಿಜಿಸ್ಟರಿನಲ್ಲಿ ಅತ್ತೆ ಹುಟ್ಟಿದ್ದು ಸಿಕ್ಕಿತು, ತಾಯಿ ನಂಜಮ್ಮ ಎಂದೂ ಇತ್ತು. ಆದರೆ ರಿಜಿಸ್ಟರು ಎಷ್ಟು ಹಳೆಯದಾದರೂ ಅದಕ್ಕೆ ಮುಖ ಇರುವುದಿಲ್ಲ. ನಲವತ್ತು ವರ್ಷ ಕಾಗದಗಳನ್ನು ನಂಬಿ ಬದುಕಿದವಳಿಗೆ ಮೊದಲ ಸಲ ಅವುಗಳ ಮೇಲೆ ಸಿಟ್ಟು ಬಂತು.

ಕೊನೆಗೆ ನೇಕಾರರ ಸಂಘದ ಕಚೇರಿಗೆ ಹೋದೆ. ಅಲ್ಲಿ ಸಿಗುವ ಆಸೆಯೇನೂ ಇರಲಿಲ್ಲ, ಸದಸ್ಯರೆಲ್ಲ ಗಂಡಸರು ಎಂದು ನನಗೆ ಗೊತ್ತು. ನಮ್ಮ ಬೀದಿಯಲ್ಲಿ ಹೆಂಗಸರು ನೂಲು ಸುತ್ತುತ್ತಾರೆ, ಹಾಸು ಹೂಡುತ್ತಾರೆ, ಎಳೆ ಹೊಸೆಯುತ್ತಾರೆ. ಮಗ್ಗದ ಗುಂಡಿಗೆ ಇಳಿದು ಕೂರುವವನು ಗಂಡಸೇ. ಅತ್ತೆಯಂಥ ಅತ್ತೆಯೂ ಒಂದು ದಿನ ಅಲ್ಲಿ ಕುಳಿತವಳಲ್ಲ. ಕಚೇರಿಯ ಹುಡುಗಿ ಬಟ್ಟೆಯ ಕಟ್ಟಿನ ಹಳೆಯ ಸದಸ್ಯರ ಪುಸ್ತಕ ತಂದು, "ನೀವೇ ನೋಡ್ಕಳಿ ಮೇಡಂ, ಈ ಅಕ್ಷರ ನಮಗ್ ಓದಕ್ಕಾಗಲ್ಲ" ಎಂದು ಮೇಜಿನ ಮೇಲಿಟ್ಟಳು. ತಾತನ ಹೆಸರು ಹುಡುಕುತ್ತಿದ್ದೆ. ಸಿಕ್ಕಿತು. ಅದರ ಕೆಳಗಿನ ಸಾಲಿನಲ್ಲಿ 'ನಂಜಮ್ಮ, ಅದೇ ಮನೆ, ಎರಡನೇ ಮಗ್ಗ' ಎಂದಿತ್ತು. ಕಸುಬಿನ ಕಾಲಂನಲ್ಲಿ ನೂಲು ಸುತ್ತುವುದು ಎಂದಿರಲಿಲ್ಲ, 'ನೇಯ್ಗೆ' ಎಂದಿತ್ತು. ಪಕ್ಕದಲ್ಲಿ ಒಂದು ಹೆಬ್ಬೆಟ್ಟು. ಸಾವಿರಾರು ಹೆಬ್ಬೆಟ್ಟು ನೋಡಿದವಳು ನಾನು, ಇದೊಂದರ ಮೇಲೆ ನನ್ನ ಹೆಬ್ಬೆರಳನ್ನು ಇಟ್ಟೆ. ಆ ಹುಡುಗಿ ನೀರು ತಂದುಕೊಟ್ಟಳು. ನಾನು ಅಳುತ್ತಿದ್ದೇನೆ ಎಂದು ಅವಳು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಎಲ್ಲಿಂದ ಬಂತೋ ಹೆಮ್ಮೆ! ಜೊತೆಗೆ ತಾತನ ಮೇಲೆ ಸಿಟ್ಟು. ಹೆಂಡತಿ ಪಟ ತೆಗೆಸಿಕೊಂಡದ್ದು ನೆನಪಿತ್ತಂತೆ, ಆ ಸೀರೆ ನೇಯ್ದವಳೂ ಅವಳೇ ಇರಬಹುದು ಎಂದು ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಬೀದಿಯವರು ಆಡಿಕೊಳ್ಳುತ್ತಾರೆ ಎಂದು ಹೆದರಿದನೋ, ನೆನೆಸಿಕೊಳ್ಳಲು ಆಗುತ್ತಿರಲಿಲ್ಲವೋ, ಅದಕ್ಕೆ ನನ್ನ ಬಳಿ ದಾಖಲೆಯಿಲ್ಲ.

ಪುಟದ ಫೋಟೊ ತೆಗೆದುಕೊಂಡು ನೇರ ಮನೆಗೆ ಓಡಿದೆ. ಮಾದೇಶ ಮೂಲೆಯ ಮಗ್ಗದಲ್ಲಿ ನೇಯುತ್ತಿದ್ದ. ಅತ್ತೆ ಗೋಡೆಗೊರಗಿ ಕುಳಿತಿದ್ದಳು. ನಾನು ಏದುಸಿರು ಬಿಡುತ್ತಾ ಹೇಳಿದ್ದನ್ನು ಕೇಳಿ ಅವನು ಲಾಳಿ ನಿಲ್ಲಿಸಿ ತಾನು ಕಾಲು ಇಳಿಬಿಟ್ಟಿದ್ದ ಗುಂಡಿಯನ್ನು ನೋಡಿಕೊಂಡ.

"ಅದ್ಕೇ ಈ ಗುಂಡಿ ಇಷ್ಟ್ ಮ್ಯಾಲದೆ! ಅಪ್ಪ ಸಾಯೋಗಂಟ ಬೈಕಂಡ್ ತುಳುದ್ರು, ನಂಗೂ ಮಂಡಿ ನೋವು. ಇದು ಗಿಡ್ಡ ಆಳ್ಗೆ ತೋಡಿರೋ ಗುಂಡಿ ಕಣಕ್ಕ. ಅಜ್ಜೀಗೆ ತೋಡಿದ್ದು!"

ಅವನು ಗುಂಡಿಯಿಂದೆದ್ದು ಬಂದ. ಅತ್ತೆಯ ಮುಂದೆ ಮೂರು ಫೋಟೊ ಮತ್ತೆ ಹಾಸಿದ್ದವು. ನಾನು ಹಣೆ, ಕಣ್ಣು, ಗಲ್ಲ ಒಂದೊಂದನ್ನೂ ಅತ್ತೆಯ ಮುಖಕ್ಕೆ ಹೋಲಿಸುತ್ತಿದ್ದೆ. ಅತ್ತೆ ಎಂದಿನಂತೆ ಸೀರೆಯ ನೆರಿಗೆ ನೋಡುತ್ತಿದ್ದಳು. ಮಾದೇಶ ನೇಕಾರ, ಅವನು ಬೇರೆ ಕಡೆ ನೋಡಿದ.

"ಮೊಕ ಯಾಕ್ ನೋಡಿಯೇ ಅಕ್ಕ? ಕಾಲ್ ನೋಡು."

ನಮ್ಮ ಮನೆಯ ಮಗ್ಗಗಳಲ್ಲಿ ತುಳಿಯುವುದಕ್ಕೆ ಹಲಗೆಯಿಲ್ಲ. ಹಗ್ಗದ ಕುಣಿಕೆಯನ್ನು ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಎಳೆಯಬೇಕು. ನಾಲ್ಕಾರು ವರ್ಷ ಹಾಗೆ ತುಳಿದವರ ಹೆಬ್ಬೆರಳು ಉಳಿದ ನಾಲ್ಕರಿಂದ ಜಗಳವಾಡಿಕೊಂಡಂತೆ ದೂರ ನಿಂತುಬಿಡುತ್ತದೆ. ಅಪ್ಪನ ಕಾಲಿಗೆ ಯಾವ ಚಪ್ಪಲಿಯೂ ಆಗುತ್ತಿರಲಿಲ್ಲ. ಗೋಡೆಯ ಮೇಲಿದ್ದವಳ ಬರಿಗಾಲಿನ ಐದು ಬೆರಳೂ ಒತ್ತಾಗಿ ಕೂಡಿಕೊಂಡಿದ್ದವು. ಎರಡನೆಯವಳವೂ ಹಾಗೆಯೇ. ಮೂರನೆಯವಳು ಬಲಗಾಲನ್ನು ಕುರ್ಚಿಯಿಂದ ಮುಂದಕ್ಕೆ ಇಟ್ಟಿದ್ದಳು. ಹೆಬ್ಬೆರಳು ಬೇರೆಯಾಗಿ ನಿಂತಿತ್ತು. ಮಾದೇಶ ತನ್ನ ಕಾಲನ್ನು ಆ ಫೋಟೊದ ಪಕ್ಕ ಇಟ್ಟ. ನಾನು ಆಗ ಮುಖ ನೋಡಿದೆ. ಉಳಿದಿಬ್ಬರೂ ಅಂಥ ಸೀರೆ ಉಡುವ ಭಾಗ್ಯ ಬಂದದ್ದಕ್ಕೆ ಸಂಕೋಚದಿಂದ ಕುಗ್ಗಿ ಕುಳಿತಿದ್ದರು. ಇವಳು ಒಂದು ಕೈಯಲ್ಲಿ ಅಂಚನ್ನು ಮುಂದಕ್ಕೆ ಎಳೆದು ಹಿಡಿದು, ಗಲ್ಲ ಎತ್ತಿ, ಕ್ಯಾಮೆರಾದವನಿಗೆ ತನ್ನ ಹಂಸಗಳನ್ನು ತೋರಿಸುತ್ತಿದ್ದಳು.

ಅತ್ತೆ ಆ ಫೋಟೊವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬೆಳಕಿಗೆ ತಿರುಗಿದಳು.

"ಇದೇನಮ್ಮಿ... ಇಷ್ಟ್ ಚಿಕ್ ಎಣ್ಣಾ ನಮ್ಮವ್ವ? ಮಾದೇಸನ್ ಮಗ್ಳಿಗಿಂತ ಚಿಕ್ಕೋಳ್ ಕಂಡಂಗವ್ಳೆ. ನಾನು ಯಾರೋ ದೊಡ್ ಎಂಗಸು ಅಂದ್ಕಂಡಿದ್ನಲ್ಲ."

ಮಾದೇಶ ಗೋಡೆಯ ಹಳೆಯ ಫೋಟೊ ಇಳಿಸಲು ಕೈ ಹಾಕಿದ. ಅತ್ತೆ ತಲೆ ಎತ್ತದೆಯೇ ಗದರಿದಳು.

"ಅವ್ಳುನ್ ಯಾಕ್ ಮುಟ್ಟೀಯೆ? ಐವತ್ ವರ್ಸ ನನ್ ಕೈಲಿ ಉಪ್ಸಾರ್ ಉಂಡವ್ಳೆ. ಈಗ ಎದ್ದೋಗು ಅನ್ನಕ್ಕಾಯ್ತದಾ? ಯಾರಾದ್ರೇನು, ನಮ್ಮನೆ ಎಣ್ಮಗ್ಳು. ಇರ್ಲಿ ಅಲ್ಲೇ."

"ಸರಿ ಬುಡತ್ತೆ. ಪಕ್ಕದಾಗೇ ಇನ್ನೊಂದ್ ಮೊಳೆ ಒಡೀತೀನಿ, ಅದುನ್ನ ಕೊಡು ಇತ್ತಗೆ," ಎಂದು ಅವನು ಸುತ್ತಿಗೆ ಹಿಡಿದು ನಿಂತ. ನಾನೂ ಕೈ ಚಾಚಿದೆ. ಅತ್ತೆ ಫೋಟೊವನ್ನು ಎದೆಗೆ ಒತ್ತಿಕೊಂಡು ನಮ್ಮಿಬ್ಬರಿಗೂ ಬೆನ್ನು ಕೊಟ್ಟಳು.

"ಒಸಿ ಒತ್ತು ಇರ್ಲಿ ಕಣ್ಲಾ. ಗ್ವಾಡೆಗ್ ಏರ್ಸುದ್ರೆ ಎಲ್ರಿಗೂ ಅಜ್ಜಿ ಆಯ್ತಾಳೆ. ಈಗ ನಂಗೊಬ್ಳಿಗೇ ಅವ್ವ."